ಮೂವತ್ತೊಂದು ಕಿಲೋ ನಾನೂರು ಗ್ರಾಂ

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ಬಕೆಟ್ಟಿನ ನೀರು ಕಣ್ಣಿಗೆ ಬಿತ್ತು. ಇಲ್ಲಿನ ಸಹಾಯಕರು, ಎಲ್ಲರೂ ವೆಲ್ಡರ್ ಎಂದೇ ಕರೆಯುವವರು, ಪ್ರಯೋಗದ ಪಾತ್ರೆಯಿಂದ ಉಕ್ಕಿನ ಹರಳುಗಳನ್ನೆಲ್ಲ ಬಲೆಯ ಬುಟ್ಟಿಗೆ ಸುರಿದು ನಲ್ಲಿಯ ಕೆಳಗೆ ಹಿಡಿದಿದ್ದರು. ಕೆಳಗೆ ಇಳಿಯುತ್ತಿದ್ದ ನೀರು ಸ್ಲೇಟು ಒರೆಸಿದ ನೀರಿನ ಹಾಗೆ ಬೂದು ಬಣ್ಣಕ್ಕಿತ್ತು. ಬೆರಳು ಅದ್ದಿದೆ. ಉಗುರಿನ ಸಂದಿಯಲ್ಲಿ ಕಾಡಿಗೆಯಂಥ ಗೆರೆ ಉಳಿಯಿತು, ಸಂಜೆಯಾದರೂ ಹೋಗಿಲ್ಲ.

ಕೆಲಸಕ್ಕೆ ಸೇರಿ ಎರಡು ವಾರವಾಯಿತು. ಅತ್ತೆ ಈ ಪ್ರಯೋಗಾಲಯದ ಮುಖ್ಯಸ್ಥೆ, ಅಪ್ಪನ ಅಕ್ಕ. ನಾನು ಅವರ ಮನೆಯಲ್ಲೇ ಇದ್ದು ಅವರ ಪ್ರಯೋಗಗಳ ದಾಖಲೆ ಬರೆಯುತ್ತೇನೆ. ಸಾಹಿತ್ಯ ಓದಿದವಳಿಗೆ ಇಲ್ಲೇನು ಕೆಲಸ ಎಂದು ಅಮ್ಮ ಕೇಳಿದ್ದಕ್ಕೆ ಅತ್ತೆ, "ನೋಡೋಕೆ ಬರುತ್ತೆ, ನೋಡಿದ್ದನ್ನ ಬರೆಯೋಕೆ ಬರುತ್ತೆ. ಇನ್ನೇನು ಬೇಕು?" ಅಂದಿದ್ದರು. ಆ ಮಾತನ್ನು ಎಷ್ಟು ಸಲ ನೆನಪಿಸಿಕೊಂಡಿದ್ದೇನೋ.

ಬರೆದರೆ ಅರ್ಥವಾಗುತ್ತದೆ ಎಂದು ಇಲ್ಲಿ ಬರೆದುಕೊಳ್ಳುತ್ತಿದ್ದೇನೆ. ಅಣುಸ್ಥಾವರದಲ್ಲಿ ಅಪಘಾತವಾಗಿ ಒಳಗಿನ ಇಂಧನ ಕರಗಿ ನೀರಿಗೆ ಬಿದ್ದರೆ, ಚೂರುಚೂರಾಗಿ ತಳದಲ್ಲಿ ರಾಶಿಯಾಗುತ್ತದೆ. ಸ್ಥಾವರ ನಿಂತರೂ ಆ ರಾಶಿ ಸುಮ್ಮನಾಗುವುದಿಲ್ಲ, ತಿಂಗಳುಗಟ್ಟಲೆ ತನ್ನಷ್ಟಕ್ಕೆ ಬಿಸಿಯಾಗುತ್ತಲೇ ಇರುತ್ತದೆ. ಮೇಲಿನಿಂದ ನೀರು ಸಂದಿಗಳಲ್ಲಿ ಇಳಿಯಬೇಕು. ಅದೇ ಸಂದಿಗಳಲ್ಲಿ ಆವಿ ಏರಬೇಕು. "ಕಿರಿದಾದ ಮೆಟ್ಟಿಲು ಮರಿ, ಒಬ್ಬರು ಇಳೀಬೇಕು, ಒಬ್ಬರು ಹತ್ತಬೇಕು" ಎಂದು ಅತ್ತೆ ಹೇಳಿಕೊಟ್ಟರು. ಶಾಖ ಒಂದು ಮಿತಿ ದಾಟಿದರೆ ಆವಿಯೇ ಮೆಟ್ಟಿಲನ್ನೆಲ್ಲ ಹಿಡಿದುಬಿಡುತ್ತದೆ. ನೀರು ಇಳಿಯುವುದಿಲ್ಲ. ರಾಶಿಯ ಒಳಗೆಲ್ಲೋ ಒಂದು ಜಾಗ ಒಣಗುತ್ತದೆ, ಒಣಗಿದ್ದು ಮತ್ತೆ ಕರಗುತ್ತದೆ. ಆ ಮಿತಿ ಎಷ್ಟೆಂದು ಗಣಿತದಲ್ಲಿ ಹೇಳುವುದು ಅತ್ತೆಯ ಇಪ್ಪತ್ತೆರಡು ವರ್ಷಗಳ ಕೆಲಸ. ಗಣಿತ ಸರಿಯೇ ಎಂದು ನೋಡಲು ಈ ಪಾತ್ರೆ. ಇಂಧನದ ಚೂರುಗಳ ಬದಲು ಉಕ್ಕಿನ ಹರಳು, ಬಟಾಣಿಯಷ್ಟು ದೊಡ್ಡದರಿಂದ ಹಿಟ್ಟಿನಷ್ಟು ಸಣ್ಣದರವರೆಗೆ. ಕಾಯಿಸಲು ನಡುವೆ ವಿದ್ಯುತ್ ಸರಳುಗಳು.

ಇವತ್ತು ಮೂರನೆಯ ಸುತ್ತು. ಆರು ಮುಕ್ಕಾಲು ಕಿಲೋವ್ಯಾಟಿಗೆ ಒಂದು ಜಾಗ ಒಣಗಿತು. ಅತ್ತೆಯ ಗಣಿತದ ಪ್ರಕಾರ ಒಂಬತ್ತರವರೆಗೆ ತಡೆಯಬೇಕಿತ್ತು.

ಮಾರ್ಚ್ ೬, ಗುರುವಾರ

ಅತ್ತೆ ನನ್ನ ದಾಖಲೆ ಪುಸ್ತಕ ಓದಿದರು. ಷರಾ ಕಾಲಮಿನಲ್ಲಿ ನಾನು 'ತೊಳೆದ ನೀರು ಮಳೆಗಾಲದ ಮೋಡದಂತಿತ್ತು' ಎಂದು ಬರೆದಿದ್ದೆ. ಜೋರಾಗಿ ನಕ್ಕರು.

"ಹೋಲಿಕೆ ಬೇಡ ಮರಿ. ಬೂದು ಅಂದ್ರೆ ಬೂದು. ಮೋಡ ಯಾಕೆ ಬಂತು ಇಲ್ಲಿಗೆ?"

ನನಗೂ ನಗು ಬಂತು. ನಾಚಿಕೆಯೂ ಆಯಿತು, ಆದರೆ ಬೈಸಿಕೊಂಡ ನಾಚಿಕೆಯಲ್ಲ.

ತೂಕದ ಕಾಲಂ ಖಾಲಿ ಬಿಟ್ಟಿದ್ದೆ. ಪ್ರತಿ ಸುತ್ತಿಗೂ ಮುಂಚೆ ಹರಳುಗಳನ್ನು ಒಣಗಿಸಿ ತೂಗಬೇಕೆಂದು ನಮೂನೆಯಲ್ಲಿ ಅಚ್ಚಾಗಿದೆ. ಒಣಗಲು ಎರಡು ದಿನ ಬೇಕು. ಹೇಗೂ ಮತ್ತೆ ನೀರಿಗೇ ಹಾಕುವುದು ಎಂದು ವೆಲ್ಡರ್ ಒದ್ದೆಯಾಗಿಯೇ ತುಂಬಿಬಿಡುತ್ತಾರೆ. ಏನು ಬರೆಯಲಿ ಎಂದು ಕೇಳಿದೆ.

"ಅದೇ ಸರಕು ತಾನೇ? ಮೊದಲ ಸುತ್ತಿಂದು ಎಷ್ಟಿತ್ತು?"

"ಮೂವತ್ತೊಂದು ಕಿಲೋ ನಾನೂರು ಗ್ರಾಂ, ಅತ್ತೆ."

"ಹಾಗಾದ್ರೆ ಅದನ್ನೇ ಬರಿ."

ಬರೆದೆ. ನನ್ನ ಕೈಬರಹ ಚೆನ್ನಾಗಿದೆ ಎಂದರು. ಕಾರಿನಲ್ಲಿ ಬರುವಾಗ, "ನೀನು ನನ್ನ ಕಣ್ಣು ಕಣೇ" ಎಂದರು. ಚಿಕ್ಕವಳಿದ್ದಾಗಿನಿಂದ ಯಾರಾದರೂ ನನ್ನ ಬಗ್ಗೆ ಇಂಥದ್ದೊಂದು ಹೇಳಲಿ ಎಂದು ಕಾಯುತ್ತಿದ್ದೆನೇನೋ. ಕಿಟಕಿಯಾಚೆ ನೋಡುತ್ತ ಕೂತೆ, ಮುಖ ಕಾಣಿಸಬಾರದೆಂದು.

ಮಾರ್ಚ್ ೧೪, ಶುಕ್ರವಾರ

ಏಳನೆಯ ಸುತ್ತು. ಏಳೂವರೆ ದಾಟಿತು. ಪ್ರತಿ ಸುತ್ತಿಗೂ ಸಂಖ್ಯೆ ಸ್ವಲ್ಪ ಸ್ವಲ್ಪವೇ ಏರುತ್ತಿದೆ. "ಪಾತ್ರೆ ಪಳಗ್ತಾ ಇದೆ" ಎನ್ನುತ್ತಾರೆ ಅತ್ತೆ.

ಮಧ್ಯಾಹ್ನ ಹಿಂದಿನ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿದ್ದೆ. ವೆಲ್ಡರ್ ತಮ್ಮ ಡಬ್ಬಿ ತಂದು ಎರಡು ಮೆಟ್ಟಿಲು ಕೆಳಗೆ ಕೂತರು. ಅವರು ವೆಲ್ಡಿಂಗ್ ಬಿಟ್ಟು ಹದಿನೈದು ವರ್ಷವಾಗಿದೆಯಂತೆ, ಹೆಸರು ಮಾತ್ರ ಬಿಟ್ಟಿಲ್ಲ.

"ಏನ್ ಸಾಹಿತ್ಯಮ್ಮಾ, ಕ್ಯಾಂಟೀನಲ್ಲಿ ಕುರ್ಚಿ ಕಚ್ಚುತ್ತವಾ?"

"ಇಲ್ಲ... ಜನ ಜಾಸ್ತಿ."

"ಜನ ಕಚ್ಚಲ್ಲಮ್ಮ. ಬರೀ ನೋಡ್ತಾರೆ."

ಅವರು ನೋಡುವುದೇ ನನಗೆ ಕಷ್ಟ. ಆಮೇಲೆ ಒಳಗೆ ಬಂದಾಗ ಮೇಜಿನ ಫೋನು ಹೊಡೆದುಕೊಂಡಿತು. ನಾನು ಪುಸ್ತಕದಲ್ಲಿ ತಲೆ ಹುದುಗಿಸಿದೆ. ಅವರೇ ಕೈ ಒರೆಸಿಕೊಂಡು ಓಡಿ ಎತ್ತಿದರು.

ಅವರ ಮಗಳು ಅಳಿಯ ಇರುವುದು ಹಳೆಯ ಅಣುಸ್ಥಾವರದ ಕ್ವಾರ್ಟರ್ಸಿನಲ್ಲಂತೆ. ನಮ್ಮ ವರದಿ ಆ ಸ್ಥಾವರಕ್ಕೇ. ಮೇಲಿನಿಂದ ಸುರಿಯುವ ನೀರೇ ಸಾಕು ಎಂದು ವರದಿ ಹೇಳಿದರೆ ಅದು ಈಗಿರುವಂತೆಯೇ ನಡೆಯುತ್ತದೆ. ಸಾಲದು ಎಂದರೆ ಒಂದು ವರ್ಷ ನಿಲ್ಲಿಸಿ, ರಾಶಿ ಬೀಳುವ ಜಾಗದ ಅಡಿಗೆ ಕೊಳವೆ ಹಾಕಬೇಕು, ತಳದಿಂದಲೂ ನೀರು ನುಗ್ಗುವ ಹಾಗೆ.

ಮಾರ್ಚ್ ೨೮, ಶುಕ್ರವಾರ

ಒಂಬತ್ತು!

ಹನ್ನೆರಡನೆಯ ಸುತ್ತು, ಸರಿಯಾಗಿ ಒಂಬತ್ತು. ಅತ್ತೆ ಪರದೆಯ ಮುಂದೆ ಎದ್ದುನಿಂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅವರ ಗಣಿತದ ಗೆರೆಯ ಮೇಲೆ ನಮ್ಮ ಚುಕ್ಕಿ ಕೂತಿತ್ತು. ಇಪ್ಪತ್ತೆರಡು ವರ್ಷ. ನನ್ನ ಕಣ್ಣೂ ತುಂಬಿತು. ಮೊದಲ ಆರು ಸುತ್ತುಗಳನ್ನು 'ಅಭ್ಯಾಸದ ಸುತ್ತು' ಎಂದು ಬರೆಯಲು ಹೇಳಿದರು. ಬರೆದೆ.

ರಾತ್ರಿ ಊಟಕ್ಕೆ ಕೂತಾಗ, ಮಾತಿಗೆ ಮಾತು ಸೇರಿಸುವುದಕ್ಕೆಂದು ಹೇಳಿದೆ: "ಅತ್ತೆ, ಈಗ ತೊಳೆದ ನೀರು ಕುಡಿಯೋ ನೀರಿನಷ್ಟು ತಿಳಿ. ಮೊದಲಿನ ಬೂದು ಎಲ್ಲಿ ಹೋಯ್ತೋ."

ಅವರು ಚಮಚ ಕೆಳಗಿಟ್ಟರು. "ಕೊಳೆ ಮರಿ. ಕೊಳೆ ಹೋಯ್ತು" ಎಂದರು. ಮತ್ತೆ ಚಮಚ ಎತ್ತಿಕೊಂಡರು.

ಏಪ್ರಿಲ್ ೨, ಬುಧವಾರ

ವರದಿಯ ಕರಡು ಅಚ್ಚಾಗಿ ಬಂದಿದೆ. ನನ್ನ ಕೋಷ್ಟಕಗಳೆಲ್ಲ ಇವೆ. ಷರಾ ಕಾಲಂ ಇಲ್ಲ. ಹನ್ನೆರಡು ಸುತ್ತುಗಳಲ್ಲಿ ನಾನು ನೋಡಿ ನೋಡಿ ಬರೆದ ನೀರಿನ ಬಣ್ಣ ಒಂದೂ ಇಲ್ಲ.

"ಪುಟದಲ್ಲಿ ಜಾಗ ಸಾಲಲಿಲ್ಲ" ಎಂದರು ಅತ್ತೆ.

ಪುಟದ ಎಡಕ್ಕೂ ಬಲಕ್ಕೂ ಮೂರು ಮೂರು ಬೆರಳಿನಷ್ಟು ಜಾಗ ಖಾಲಿ ಇದೆ. ಅಳೆದು ನೋಡಿದೆ. ಯಾಕೆ ಅಳೆದೆನೋ.

ಏಪ್ರಿಲ್ ೪, ಶುಕ್ರವಾರ

ಮೊನ್ನೆಯೇ ವೆಲ್ಡರ್‌ಗೆ ಕೇಳಿದ್ದೆ, ಹರಳುಗಳನ್ನು ಒಮ್ಮೆ ಪೂರ್ತಿ ಒಣಗಿಸುತ್ತೀರಾ ಎಂದು. ಯಾಕೆಂದು ಅವರು ಕೇಳಲಿಲ್ಲ. ತಗಡಿನ ಮೇಲೆ ಹರವಿ, ಎರಡು ದಿನ ಹೀಟರ್ ಇಟ್ಟರು. ಇವತ್ತು ಅತ್ತೆ ಹೊರಗೆ ಹೋಗಿದ್ದಾಗ ತೂಗಿದೆವು.

ಇಪ್ಪತ್ತೇಳು ಕಿಲೋ ಒಂಬೈನೂರು.

"ತಕ್ಕಡಿ ಸರಿ ಇದೆಯಾ?"

"ತಕ್ಕಡಿಗೇನಮ್ಮ, ಅದಕ್ಕೆ ಮೇಲಧಿಕಾರಿಗಳಿಲ್ಲ" ಎಂದರು. ನಗಲಿಲ್ಲ.

ಮತ್ತೆರಡು ಸಲ ತೂಗಿದೆ. ಅದೇ. ಮೂರೂವರೆ ಕಿಲೋ ಇಲ್ಲ. ಎಲ್ಲಿ ಹೋಯಿತೆಂದು ನನ್ನ ಉಗುರಿಗೆ ಗೊತ್ತಿತ್ತು. ಹಿಟ್ಟಿನಂಥ ಸಣ್ಣ ಪುಡಿಯೆಲ್ಲ ಬಲೆಯಿಂದ ಇಳಿದು, ಸುತ್ತು ಸುತ್ತಿಗೂ ಮೋರಿ ಸೇರಿದೆ. ಪುಡಿ ಇರುತ್ತಿದ್ದುದು ದೊಡ್ಡ ಹರಳುಗಳ ಸಂದಿಯಲ್ಲಿ. ಹಾಗಾಗಿ ಅದು ಹೋದರೂ ಪಾತ್ರೆಯ ಮಟ್ಟ ಇಳಿಯಲಿಲ್ಲ, ಯಾರ ಕಣ್ಣಿಗೂ ಬೀಳಲಿಲ್ಲ. ಆದರೆ ಸಂದಿ ತೆರೆಯಿತು, ನೀರಿಗೆ ದಾರಿಯಾಯಿತು. ಪಾತ್ರೆ ಪಳಗಿದ್ದಲ್ಲ. ನಿಜವಾದ ಅಪಘಾತದಲ್ಲಿ ಆ ಪುಡಿಯನ್ನು ಬುಟ್ಟಿಯಲ್ಲಿ ಹಿಡಿದು ತೊಳೆಯುವವರು ಯಾರೂ ಇರುವುದಿಲ್ಲ.

ತೂಕದ ಕಾಲಮಿನಲ್ಲಿ ಹನ್ನೆರಡು ಸಲ ೩೧.೪. ಹನ್ನೆರಡೂ ನನ್ನ ಅಕ್ಷರ.

ಏಪ್ರಿಲ್ ೭, ಸೋಮವಾರ

ಅತ್ತೆಗೆ ಹೇಳಿಬಿಟ್ಟೆ. ಎರಡು ದಿನ ಊಟ ಸೇರಿರಲಿಲ್ಲ. ಕೇಳಿ ಕಂಗಾಲಾಗುತ್ತಾರೆ, ಅವರನ್ನು ಹೇಗೆ ಸಮಾಧಾನ ಮಾಡಲಿ ಎಂದು ವಾಕ್ಯಗಳನ್ನು ಕೂಡ ಸಿದ್ಧ ಮಾಡಿಕೊಂಡಿದ್ದೆ. ಅವುಗಳ ಅಗತ್ಯ ಬೀಳಲಿಲ್ಲ. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡರು.

"ಎಂಥಾ ಕಣ್ಣೇ ನಿಂದು! ನಾನು ನೋಡ್ಕೋತೀನಿ ಬಿಡು. ಯಾರ ಹತ್ರಾನೂ ಬಾಯಿ ಬಿಡಬೇಡ, ಸುಮ್ನೆ ಗೊಂದಲ ಆಗುತ್ತೆ."

ಎದೆಯ ಮೇಲಿನ ಕಲ್ಲು ಇಳಿಯಿತು. ಸಮಿತಿಗೆ ಅವರೇ ಹೇಳುತ್ತಾರೆ. ಪುಡಿ ಸೇರಿಸಿ ಹೊಸ ಸರಕಿನಲ್ಲಿ ಮತ್ತೆ ಮೊದಲಿಂದ ಮಾಡುತ್ತೇವೆ. ನಾನು ಪ್ರತಿ ಸಲ ತೂಗುತ್ತೇನೆ. ಇವತ್ತು ಹೊಟ್ಟೆ ತುಂಬ ತಿಂದೆ.

ಏಪ್ರಿಲ್ ೧೫, ಮಂಗಳವಾರ

ಸಮಿತಿಯ ಸಭೆ. ಉದ್ದ ಮೇಜು, ಒಂಬತ್ತು ಕುರ್ಚಿ, ಆರು ನೀರಿನ ಬಾಟಲಿ. ನಾನು ಹಿಂದೆ ಗೋಡೆ ಪಕ್ಕ, ನಡಾವಳಿ ಬರೆಯಲು.

ಹನ್ನೊಂದು ಹತ್ತಕ್ಕೆ ಸಮಿತಿಯ ಅಧ್ಯಕ್ಷರು, ಕಿವಿಗೆ ಯಂತ್ರ ಹಾಕಿಕೊಂಡ ಹಿರಿಯರು, ವರದಿ ಮೇಲೆ ಪೆನ್ಸಿಲ್ ಇಟ್ಟು ಕೇಳಿದರು: "ಮೇಡಂ, ಸುತ್ತಿನಿಂದ ಸುತ್ತಿಗೆ ಏರ್ತಾನೇ ಇದೆಯಲ್ಲ, ಯಾಕೆ? ತೂಕ ನೋಡಿದ್ರೆ ಹನ್ನೆರಡು ಸಲಾನೂ ಗ್ರಾಮಿನವರೆಗೆ ಒಂದೇ. ಇದು ಸಾಧ್ಯಾನಾ?"

ಈಗ ಹೇಳುತ್ತಾರೆ ಎಂದು ನಾನು ಪೆನ್ನು ಹಿಡಿದು ಕಾದೆ.

ಹೇಳಿದರು: "ತೂಕದ ಕಾಲಂ ಬಗ್ಗೆ ನನಗೂ ಈಚೆಗೆ ಗೊತ್ತಾಯ್ತು ಸರ್. ನಮ್ಮ ದಾಖಲೆಗಾರ್ತಿ ತೂಗದೇನೇ ಹಿಂದಿನ ಅಂಕಿ ನಕಲು ಮಾಡಿದ್ದಾಳೆ. ಸಾಹಿತ್ಯ ಓದಿದ ಹುಡುಗಿ, ಪಾಪ, ಇದರ ಮಹತ್ವ ಗೊತ್ತಾಗಿಲ್ಲ. ಸರಕು ಬದಲಾಗಿಲ್ಲ. ಫಲಿತಾಂಶಕ್ಕೆ ಧಕ್ಕೆ ಇಲ್ಲ."

ಯಾರೋ ಮೆಲ್ಲಗೆ ನಕ್ಕರು. ಅತ್ತೆ ಹಿಂತಿರುಗಿ ನೋಡಲಿಲ್ಲ. ನಾನು ಬರೆದುಕೊಂಡೆ. ನಡಾವಳಿ ಬರೆಯುವವಳ ಕೆಲಸ ಆಡಿದ ಮಾತು ಬರೆಯುವುದು. 'ದಾಖಲೆಗಾರ್ತಿ ತೂಗದೆಯೇ ನಕಲು ಮಾಡಿದ್ದಾಳೆ.' ಅಕ್ಷರ ದುಂಡಗೇ ಬಂತು.

ದಾಖಲೆಗಾರ್ತಿ ಲಿಖಿತ ಹೇಳಿಕೆ ಕೊಡಲಿ, ಸೋಮವಾರ ಮತ್ತೆ ಸೇರೋಣ ಎಂದು ಅಧ್ಯಕ್ಷರು ಹೇಳಿದರು. ಸಭೆ ೧೨.೪೦ಕ್ಕೆ ಮುಗಿಯಿತು.

ಏಪ್ರಿಲ್ ೧೬, ಬುಧವಾರ

ಏನೂ ಬರೆಯಲು ಬರುತ್ತಿಲ್ಲ.

ಏಪ್ರಿಲ್ ೧೭, ಗುರುವಾರ

ಸಂಜೆ ೬.೧೫. ಅವರು ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತರು. ಕೈಯಲ್ಲಿ ಒಂದು ಹಾಳೆ. ಹೇಳಿಕೆಯನ್ನು ತಾವೇ ಟೈಪು ಮಾಡಿ ತಂದಿದ್ದರು. 'ನನ್ನ ಅನನುಭವದಿಂದ, ಯಾರ ಸೂಚನೆಯೂ ಇಲ್ಲದೆ...'

"ನೀವೇ ತಾನೇ ಬರಿ ಅಂದಿದ್ದು?"

"ಅಂದೆ. ಇಲ್ಲ ಅಂತೀನಾ?" ಮನೆಯಲ್ಲಿ ಇಲ್ಲ ಎನ್ನುವುದಿಲ್ಲ. "ಆದ್ರೆ ಯೋಚನೆ ಮಾಡು ಮರಿ. ನಿನಗೆ ಇದರಲ್ಲಿ ಹೋಗೋದೇನಿದೆ? ನಾಳೆ ಎಲ್ಲೋ ಕಾಲೇಜಲ್ಲಿ ಪಾಠ ಹೇಳ್ಕೊಂಡು ಇರ್ತೀಯ. ಅಲ್ಲಿ ಯಾರೂ ನಿನ್ನ ತೂಕದ ಲೆಕ್ಕ ಕೇಳಲ್ಲ. ನಂದು? ಡಿಸೆಂಬರಿಗೆ ನಿವೃತ್ತಿ. ಈ ಸೂತ್ರ ಬಿಟ್ರೆ ನನ್ನ ಹತ್ರ ಏನಿದೆ ಹೇಳು. ಗಂಡನಾ, ಮಕ್ಕಳಾ?"

"ಪುಡಿ ಸೇರಿಸಿ ಇನ್ನೊಂದು ಸಲ ಮಾಡಿದ್ರೆ..."

"ಆರು ಬರುತ್ತೆ" ಎಂದರು.

ಥಟ್ಟನೆ ಹೇಳಿದರು. ಅದು ಊಹೆಯ ದನಿಯಾಗಿರಲಿಲ್ಲ.

"ಅಪಘಾತ ಅಂತೂ ಆಗಲ್ಲ ಬಿಡು. ನಲವತ್ತು ವರ್ಷದಿಂದ ಆಗಿಲ್ಲ" ಎಂದು ಹಾಳೆಯನ್ನು ದಿಂಬಿನ ಮೇಲಿಟ್ಟು ಹೋದರು. ಬಾಗಿಲನ್ನು ಮೆತ್ತಗೆ ಎಳೆದುಕೊಂಡರು. ನಾನು ಚಿಕ್ಕವಳಾಗಿ ಜ್ವರ ಬಂದು ಮಲಗಿದ್ದಾಗಲೂ ಹೀಗೇ ಎಳೆದುಕೊಳ್ಳುತ್ತಿದ್ದರು.

ಏಪ್ರಿಲ್ ೧೮, ಶುಕ್ರವಾರ

ವೆಲ್ಡರ್ ನನ್ನೊಡನೆ ನಾಲ್ಕು ದಿನದಿಂದ ಮಾತಾಡಿರಲಿಲ್ಲ. ಇವತ್ತು ಕ್ಯಾಂಟೀನಿಗೆ ನಾನೇ ಹೋಗಿ ಅವರ ಎದುರಿನ ಕುರ್ಚಿ ಎಳೆದು ಕೂತೆ. ಸುತ್ತ ಮೂವತ್ತು ಜನ ಇದ್ದರು.

"ಆರು ಬರುತ್ತೆ ಅಂತ ಅವರಿಗೆ ಹೇಗೆ ಗೊತ್ತು?"

ಅವರು ಚಹಾದ ಲೋಟ ತಿರುಗಿಸುತ್ತ ಕೂತರು. "ನನ್ನ ಕೇಳಬೇಡಿ ಅಮ್ಮ."

"ನಿಮ್ಮನ್ನೇ ಕೇಳ್ತಿದ್ದೀನಿ."

"ಹೋದ ವರ್ಷ ಬೇರೆ ಸರಕು ಇತ್ತು. ಹೀಗೇ ಆಯ್ತು. ಆರರಿಂದ ಶುರುವಾಗಿ ಒಂಬತ್ತಕ್ಕೆ. ಆಗ್ಲೇ ನಾನು ಹೇಳಿದ್ದೆ ಮೇಡಂಗೆ, ಪುಡಿ ಹೋಗ್ತಾ ಇದೆ, ಬಲೆ ಬದಲಾಯಿಸೋಣ ಅಂತ. 'ನಿಂಗೆ ಹೇಳಿದಷ್ಟು ಮಾಡಪ್ಪ' ಅಂದ್ರು. ಮಾಡಿದೆ." ಲೋಟ ಕೆಳಗಿಟ್ಟು, "ನಿಮಗಿಂತ ಮುಂಚೆ ಆ ಕುರ್ಚಿಗೆ ಒಬ್ಬಳು ಎಂಜಿನಿಯರ್ ಹುಡುಗಿ ಬಂದಿದ್ಲು. ಬಂದ ದಿನಾನೇ ತಕ್ಕಡಿ ಎಲ್ಲಿ ಅಂದ್ಲು. ಮೂರನೇ ದಿನ ಇರ್ಲಿಲ್ಲ. ಆಮೇಲೆ ನೀವು ಬಂದ್ರಿ."

"ನಾನು ತಕ್ಕಡಿ ಕೇಳೋದಿಲ್ಲ ಅಂತ."

"ಅದು ನಾನು ಹೇಳಿಲ್ಲ" ಎಂದರು. ಆಮೇಲೆ, "ಮಗಳಿಗೆ ಫೋನ್ ಮಾಡಿದಾಗೆಲ್ಲ ಬೇರೆ ಏನೇನೋ ಮಾತಾಡ್ತೀನಮ್ಮ. ನಾನೂ ಒಳ್ಳೇವನಲ್ಲ" ಎಂದು ಎದ್ದುಹೋದರು.

ನೋಡೋಕೆ ಬರುತ್ತೆ, ಬರೆಯೋಕೆ ಬರುತ್ತೆ, ಇನ್ನೇನು ಬೇಕು. ಅವರಿಗೆ ಬೇಕಿದ್ದದ್ದು ಮೂರನೆಯದು ನನಗೆ ಬಾರದಿರುವುದು: ತಕ್ಕಡಿ ಎಲ್ಲಿ ಎಂದು ಕೇಳುವುದು. ಬೈದಿದ್ದರೆ, ಹೊಡೆದಿದ್ದರೆ ಸಹಿಸಬಹುದಿತ್ತು. ಹೊಗಳಿದ್ದನ್ನು ಹೇಗೆ ಸಹಿಸುವುದು? 'ನನ್ನ ಕಣ್ಣು' ಎಂದರಲ್ಲ, ಆ ಸಂಜೆ ಇಡೀ ನಾನು ಸುಖವಾಗಿದ್ದೆ. ಆ ಸುಖವನ್ನು ಈಗ ಎಲ್ಲಿ ಇಡಲಿ?

ಏಪ್ರಿಲ್ ೧೯, ಶನಿವಾರ

೯.೩೦ಕ್ಕೆ ಅಪ್ಪನಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ. ಕೇಳಿದರು, ಮಧ್ಯದಲ್ಲಿ ಒಮ್ಮೆ ಕೆಮ್ಮಿದರು.

"ಅಕ್ಕ ನಿನ್ನೆಯೇ ಹೇಳಿದ್ಲು. ಒಂದು ಸಹಿ ತಾನೇ? ಅವಳು ನಿನ್ನ ಎಷ್ಟು ಹಚ್ಚಿಕೊಂಡಿದ್ದಾಳೆ ಗೊತ್ತಲ್ಲ."

"ಗೊತ್ತು ಅಪ್ಪ."

"ಮನೆ ಮಾತು ಮನೇಲಿರಲಿ."

ಅಲ್ಲಿಗೆ ಅದೂ ಮುಗಿಯಿತು. ನನ್ನ ಕಡೆ ಯಾರಿದ್ದಾರೆಂದು ಲೆಕ್ಕ ಹಾಕುತ್ತ ಕೂರುವ ಕೆಲಸ ಇನ್ನಿಲ್ಲ.

೧೦.೦೫ಕ್ಕೆ ಸಮಿತಿಯ ಕಚೇರಿಗೆ ಫೋನು ಮಾಡಿದೆ. ಹೇಳಿಕೆ ಕೈಬರಹದಲ್ಲಿ ಇರಬಹುದೇ ಎಂದು ಕೇಳಿದೆ. ಇರಬಹುದು. ಓದಿ ಹೇಳಬಹುದೇ? ಹೇಳಬಹುದು. ಗುಮಾಸ್ತೆ ನನ್ನ ಹುದ್ದೆ ಕೇಳಿದಳು. ದಾಖಲೆಗಾರ್ತಿ ಎಂದೆ.

ಮಧ್ಯಾಹ್ನ ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಮತ್ತೊಮ್ಮೆ ತೂಗಿದೆ. ೨೭.೯. ದಾಖಲೆ ಪುಸ್ತಕದಲ್ಲಿ ಹೊಸ ಸಾಲಿನಲ್ಲಿ ಬರೆದು, ಗಂಟೆ ಹಾಕಿ, ಸಹಿ ಮಾಡಿದೆ. ಷರಾ: ಇಲ್ಲ.

ಏಪ್ರಿಲ್ ೨೦, ಭಾನುವಾರ

ಬೆಳಿಗ್ಗೆಯಿಂದ ಹೇಳಿಕೆ ಬರೆದೆ. ನಾಲ್ಕು ಹಾಳೆ ಹರಿದೆ. ಮೊದಲನೆಯದರಲ್ಲಿ ನಾನು ಬರೀ ಪಾಪದ ಹುಡುಗಿ. ಎರಡನೆಯದರಲ್ಲಿ ಅವರು ರಾಕ್ಷಸಿ. ಎರಡೂ ಚೆನ್ನಾಗಿ ಓದಿಸಿಕೊಂಡು ಹೋಗುತ್ತಿದ್ದವು. ಆದ್ದರಿಂದಲೇ ಹರಿದೆ.

ಐದನೆಯದು ಒಂದು ಪುಟಕ್ಕೇ ಮುಗಿಯಿತು. ತೂಗದೆ ಬರೆದವಳು ನಾನು, ಮೊದಲ ಸುತ್ತು ಬಿಟ್ಟು ಹನ್ನೊಂದು ಸಲ. ತೂಗಬೇಕೆಂದು ನಮೂನೆಯಲ್ಲಿ ಅಚ್ಚಾಗಿತ್ತು, ನಾನು ಓದಿದ್ದೆ. ಹಿಂದಿನದನ್ನೇ ಬರೆಯಲು ಹೇಳಿದವರು ಮುಖ್ಯಸ್ಥರು, ಮಾರ್ಚ್ ಆರರಂದು. ಏಪ್ರಿಲ್ ನಾಲ್ಕರಂದು ತೂಗಿದಾಗ ಮೂರೂವರೆ ಕಿಲೋ ಪುಡಿ ಇರಲಿಲ್ಲ. ಏಳರಂದು ಅವರಿಗೆ ತಿಳಿಸಿದೆ. ಪ್ರತಿ ತೊಳೆತದ ನೀರಿನ ಬಣ್ಣ ಮೂಲ ಪುಸ್ತಕದಲ್ಲಿದೆ, ತರಿಸಿ ನೋಡಬೇಕು. ಪುಡಿ ಸೇರಿಸಿ ಮತ್ತೆ ಪ್ರಯೋಗ ಮಾಡುವವರೆಗೆ ಒಂಬತ್ತು ಎಂಬ ಅಂಕಿಯನ್ನು ನಂಬಬಾರದು.

ವೆಲ್ಡರ್ ಹೇಳಿದ್ದು ಬರೆಯಲಿಲ್ಲ. ಅದನ್ನು ಹೇಳುವುದು ಬಿಡುವುದು ಅವರಿಗೆ ಸೇರಿದ್ದು.

ಅಪ್ಪನ ಅಕ್ಕ ಪಕ್ಕದ ಕೋಣೆಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ನಾಳೆಯ ಸಭೆಗೆ ನನ್ನದನ್ನೂ ಹಾಕಿ, ಮಡಿಚಿ ಕುರ್ಚಿಯ ಮೇಲಿಟ್ಟರು. ತೋಳಿನ ಮಡಿಕೆ ಕೂಡ ಬಿಟ್ಟಿರಲಿಲ್ಲ. ಇದು ಸುಳ್ಳಲ್ಲ, ಅದೂ ಸುಳ್ಳಲ್ಲ. ಕಷ್ಟ ಇರುವುದು ಅಲ್ಲೇ.

ಏಪ್ರಿಲ್ ೨೧, ಸೋಮವಾರ, ಬೆಳಿಗ್ಗೆ ೭.೫೦

"ಸಹಿ ಹಾಕಿದ್ಯಾ?" ಎಂದು ಅಡುಗೆಮನೆಯಿಂದ ಕೇಳಿದರು.

"ಹಾಕಿದೆ."

"ಜಾಣೆ ನನ್ನ ಮರಿ" ಎಂದರು.

ಯಾವ ಹಾಳೆಗೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೀಗೇ ಕಾರಿನಲ್ಲಿ ಕೂತು, ಹೀಗೇ ಸಭೆಗೆ ಹೋಗಿ, ಗೋಡೆ ಪಕ್ಕದಿಂದ ಎದ್ದುನಿಂತು ಓದಿಬಿಡಬಹುದು. ನನಗೆ ಆದದ್ದು ಏನೆಂದು ಅವರಿಗೂ ಗೊತ್ತಾಗುತ್ತದೆ, ಅದೇ ಕೋಣೆಯಲ್ಲಿ, ಅದೇ ಮಂದಿಯ ಮುಂದೆ. ನಿನ್ನೆ ಮಧ್ಯಾಹ್ನದಿಂದ ಅದನ್ನೇ ಎಣಿಸುತ್ತಿದ್ದೆ, ಬಾಯಲ್ಲಿ ನೀರೂರುವಷ್ಟು.

ಈಗ ಬೇಡ ಅನ್ನಿಸಿದೆ. ಸಭೆ ಹನ್ನೊಂದಕ್ಕೆ. ಹತ್ತೂಕಾಲಿಗೆ ಅಲ್ಲಿ ಕಾರು ನಿಲ್ಲಿಸುತ್ತಾರೆ. ಬೀಗದ ಕೈ ತೆಗೆದ ಮೇಲೆ, ಇಳಿಯುವ ಮೊದಲು, ನನ್ನ ಹಾಳೆಯನ್ನು ಅತ್ತೆಯ ಕೈಗೆ ಕೊಡುತ್ತೇನೆ. ಅವರು ಪೂರ್ತಿ ಓದುವವರೆಗೆ ಕಾಯುತ್ತೇನೆ. ಅತ್ತರೂ ಕಾಯುತ್ತೇನೆ, ಬೈದರೂ ಕಾಯುತ್ತೇನೆ. ನನಗಿಂತ ಮೊದಲು ಅವರೇ ಒಳಗೆ ಹೋಗಿ ಹೇಳುವುದಾದರೆ ಮುಕ್ಕಾಲು ಗಂಟೆ ಇರುತ್ತದೆ. ಹೇಳದಿದ್ದರೆ, ಓದುವವಳು ನಾನು.